ಬೂದಿದಿಬ್ಬದ ಸಾಕ್ಷಿ

'ಊರು ಹುಟ್ಟಿದಾಗಲೇ ಕೇರಿಯೂ ಹುಟ್ಟಿತು, ಅದಕ್ಕೆ ಯಾರೇನು ಮಾಡೋಕಾಗುತ್ತೆ?' ಎಂದು ಜಾರಿಕೊಳ್ಳುವವರು ಹಳ್ಳಿಯ ಕಟ್ಟೆಯ ಮೇಲೂ ಇದ್ದಾರೆ, ಕಾಲೇಜಿನ ಕುರ್ಚಿಯ ಮೇಲೂ ಇದ್ದಾರೆ. ಹಳೆಯದಾದ್ದರಿಂದ ಅದು ಸರಿ ಎಂಬುದು ಇವರ ನ್ಯಾಯ. ಈ ನ್ಯಾಯವನ್ನು ನಮ್ಮ ನೆಲದ ಕೆಳಗೇ ಇಳಿದು ಒರೆಗೆ ಹಚ್ಚಬೇಕು.

ಬಳ್ಳಾರಿ, ರಾಯಚೂರು, ಸುರಪುರ ಸೀಮೆಯ ಹೊಲಗಳ ನಡುವೆ ಬೂದಿದಿಬ್ಬಗಳಿವೆ. ಕೆಲವು ಗುಡ್ಡದ ಹಾಗೆ ಎದ್ದು ಕಾಣುತ್ತವೆ. ಕೆಲವನ್ನು ರೈತರು ಗೊಬ್ಬರಕ್ಕೆಂದು ಗಾಡಿಗಟ್ಟಲೆ ಸಾಗಿಸಿ, ನೆಲ ಸಮ ಮಾಡಿ ಉತ್ತಿದ್ದಾರೆ. ಉಳಿದದ್ದು ನೇಗಿಲ ಸಾಲಿನ ಕೆಳಗಿದೆ. ಇದೆಲ್ಲಿಯ ಬೂದಿ ಅಂತ ಕೇಳಿದರೆ ಪುರಾಣದ ಉತ್ತರ ಸಿದ್ಧ: ರಕ್ಕಸರನ್ನು ಸುಟ್ಟದ್ದು. ಹಂಪಿ ಪಕ್ಕದ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಜಾಗವಂತೆ.

ಅಗೆದು ನೋಡಿದವರಿಗೆ ಸಿಕ್ಕಿದ್ದು ಸಗಣಿ. ಈಗ ತೆಲಂಗಾಣದಲ್ಲಿರುವ ಉಟ್ನೂರಿನಲ್ಲಿ 1957ರಲ್ಲಿ ಆಲ್ಚಿನ್ ಅಗೆದಾಗ ಮರದ ಕಂಬಗಳನ್ನು ನೆಟ್ಟು ಕಟ್ಟಿದ ಬೇಲಿಯ ಗುರುತು, ಪದರಗಳ ನಡುವೆ ದನದ ಗೊರಸಿನ ಅಚ್ಚು ಕಂಡವು. ಅದು ದನದ ದೊಡ್ಡಿ. ರಾಶಿ ಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ದಿಬ್ಬ ಬೆಳೆದಿತ್ತು. 4000 ವರ್ಷಕ್ಕೂ ಹಿಂದಿನ ಮಾತು. ಕಬ್ಬಿಣ ಕಾಣದ ಜನ, ಕಲ್ಲಿನ ಕೊಡಲಿ ಹಿಡಿದು ದನ ಸಾಕಿದರು. ದುಡಿದವರ ದೊಡ್ಡಿಯನ್ನು ಪುರಾಣ ರಕ್ಕಸರ ಸುಡುಗಾಡು ಮಾಡಿತು. ಈ ಹುನ್ನಾರ ನಮಗೇನು ಹೊಸದೆ?

1990ರ ದಶಕದಲ್ಲಿ ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯನವರು ಅಗೆಸಿದಾಗ ದೊಡ್ಡಿಗೆ ತಾಗಿದ ಮನೆಗಳ ನೆಲೆ ಸಿಕ್ಕಿತು. ಸತ್ತ ಎಳೆಯ ಮಕ್ಕಳನ್ನು ಮಡಕೆಯಲ್ಲಿಟ್ಟು ಅಲ್ಲೇ ಹೂಳಿದ್ದರು. ಅದೇ ನೆಲೆಯೊಳಗೆ ದನ ಕೊಯ್ದು ಮಾಂಸ ಮಾಡಿದ ಜಾಗವೂ ಇತ್ತು. ಎಲುಬು, ಕಲ್ಲಿನ ಹತ್ಯಾರು ಅಲ್ಲೇ ಬಿದ್ದಿದ್ದವು. ಸಗಣಿ ಬಾಚುವ ಕೈ, ಚರ್ಮ ಸುಲಿಯುವ ಕೈ, ಉಣ್ಣುವ ಕೈ ಒಂದೇ ನೆಲೆಯಲ್ಲಿದ್ದವು. ಬೇಲಿ ಇದ್ದದ್ದು ದನಕ್ಕೆ. ಮನುಷ್ಯರ ನಡುವೆ ಬೇಲಿ ಬಂದದ್ದು ಆಮೇಲೆ.

ಗೆಳೆಯರೆ, ಇಲ್ಲಿ ಎಚ್ಚರ ಬೇಕು. ಅಲ್ಲಿ ಎಲ್ಲರೂ ಸಮಾನರಾಗಿದ್ದರು ಅಂತ ಬೂದಿ ಹೇಳುವುದಿಲ್ಲ. ಹೆಂಗಸಿಗೆ ಎಷ್ಟು ಸಿಕ್ಕಿತು, ದನ ಯಾರ ಸ್ವತ್ತು ಎಂದು ಗೊರಸಿನ ಅಚ್ಚು ಸಾಕ್ಷಿ ನುಡಿಯದು. ಅವರೇ ನಮ್ಮ ಮೂಲಪುರುಷರು ಎಂದು ವಂಶಾವಳಿ ಬರೆಯಲು ಹೊರಟರೆ, ಗೋತ್ರ ಹೇಳಿಕೊಳ್ಳುವವರ ರೋಗ ನಮಗೂ ಅಂಟುತ್ತದೆ. ಬೂದಿದಿಬ್ಬ ಹೇಳುವುದು ಇಷ್ಟೆ: 'ಮೊದಲಿಂದಲೂ ಹೀಗೇ' ಎನ್ನುವವರ ಪರವಾಗಿ ನೆಲ ಸಾಕ್ಷಿಗೆ ಬರುವುದಿಲ್ಲ.

ಅಂಬೇಡ್ಕರ್ 1948ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅಸ್ಪೃಶ್ಯತೆ ಸುಮಾರು ಕ್ರಿ.ಶ. 400ರ ಹೊತ್ತಿಗೆ ಹುಟ್ಟಿತೆಂದು ವಾದಿಸಿದರು. ಇಸವಿಯ ಬಗ್ಗೆ ವಿದ್ವಾಂಸರು ಜಗಳ ಆಡಲಿ. ಅದಕ್ಕೊಂದು ಹುಟ್ಟು ಇದೆ ಎಂಬುದೇ ದೊಡ್ಡ ಮಾತು. ಹುಟ್ಟಿದ್ದು ಸಾಯಲೇಬೇಕು.

ಒಂದು ವೇಳೆ ನಾಳೆ ಯಾರೋ ಅಗೆದು, 4000 ವರ್ಷದ ಹಿಂದೆಯೂ ಒಂದು ಕೇರಿ ಇತ್ತು ಅಂತ ತೋರಿಸಿದರೆ? ಆಗಲೂ ನಮ್ಮ ದಾವೆ ಬಿದ್ದುಹೋಗದು. ಹುಣ್ಣು ಹಳೆಯದಾದಷ್ಟೂ ಮದ್ದು ಬೇಗ ಬೇಕು. ನ್ಯಾಯ ಕೇಳಲು ನಮಗೆ ಹಳೆಯ ಪಟ್ಟೆ ಬೇಕಿಲ್ಲ. ಇವತ್ತು ಬದುಕಿದ್ದೇವೆ, ಅದೇ ಸಾಕು.

ಹೊಲ ಉಳುವ ಕೂಲಿಯಾಳಿಗೆ, ಹಳ್ಳಿಯ ಮೇಷ್ಟರು ಇದನ್ನು ಹೇಳಬೇಕು. ಅವನ ನೇಗಿಲಿಗೆ ತಾಗುವ ಬೂದಿ ರಕ್ಕಸರದಲ್ಲ, ಅವನಂಥ ದುಡಿದವರದು.