ದತ್ತಸಂಚಯದ ಮಾತಿಗೆ ಏನು ಪ್ರಮಾಣ?

ಪೋಷಣಶಾಸ್ತ್ರದ ವಿದ್ಯಾರ್ಥಿಗಳು ಜೀವರಸಾಯನಶಾಸ್ತ್ರದಲ್ಲಿ ಕಲಿಯಬೇಕಾದ ಸಂಗತಿಗಳಲ್ಲಿ ಹೆಚ್ಚಿನವು ಕಣ್ಣಿಗೆ ಕಾಣುವಂಥವಲ್ಲ. ಜೋಳದ ಹಿಟ್ಟು ಕಾಣುತ್ತದೆ, ಕೈಗೆ ಹತ್ತುತ್ತದೆ. ಆದರೆ ಆ ಹಿಟ್ಟಿನೊಳಗಿನ ಪ್ರೋಟೀನು, ಪ್ರೋಟೀನನ್ನು ಕಟ್ಟಿದ ಅಮೈನೊ ಆಮ್ಲಗಳು, ಆ ಆಮ್ಲಗಳನ್ನು ದೇಹದಲ್ಲಿ ಒಂದರಿಂದ ಇನ್ನೊಂದಾಗಿ ಮಾರ್ಪಡಿಸುವ ಕಿಣ್ವಗಳು ಉಪಕರಣಗಳ ಮೂಲಕ, ಅದೂ ಬಹುಮಟ್ಟಿಗೆ ಬೇರೆ ಯಾರದೋ ಪ್ರಯೋಗಾಲಯದ ಉಪಕರಣಗಳ ಮೂಲಕ, ಗೊತ್ತಾಗುವಂಥವು. ಹೀಗೆ ಗೊತ್ತಾದುದನ್ನು ಒಂದೆಡೆ ಕೂಡಿಸಿ, ಹುಡುಕಲು ಬರುವಂತೆ ಜೋಡಿಸಿ, ಅಂತರಜಾಲದಲ್ಲಿ ತೆರೆದಿಟ್ಟ ಸಂಗ್ರಹಕ್ಕೆ ದತ್ತಸಂಚಯ, ರೂಢಿಯ ಮಾತಿನಲ್ಲಿ ಡೇಟಾಬೇಸ್, ಎಂದು ಹೆಸರು. ಇಂಥ ಸಂಚಯಗಳನ್ನು ತೆರೆದು ಓದಿ ಕಲಿತ ವಿದ್ಯಾರ್ಥಿನಿಯೊಬ್ಬಳು ಒಂದು ಸಂಗತಿ ತನಗೆ ಗೊತ್ತಿದೆ ಎಂದಾಗ, ಆ ಅರಿವು ಯಾವ ಬಗೆಯದು, ಅದಕ್ಕೆ ಆಧಾರವೇನು, ಅದು ಎಲ್ಲಿಯವರೆಗೆ ನಿಲ್ಲುತ್ತದೆ ಎಂಬ ಪ್ರಶ್ನೆ ಬೋಧನಾಕ್ರಮಕ್ಕೆ ಸೇರಿದ್ದೆಂದು ಕಂಡರೂ ಮೂಲದಲ್ಲಿ ತತ್ತ್ವಶಾಸ್ತ್ರದ್ದು. ಭಾರತೀಯ ದರ್ಶನಗಳು ಶತಮಾನಗಳ ಕಾಲ ಪ್ರಮಾಣವಿಚಾರ ಎಂಬ ಹೆಸರಿನಲ್ಲಿ ವಾದಿಸಿದ್ದು ಇದನ್ನೇ.

ಆ ವಾದಕ್ಕೆ ಜೋಳ ಬೆಳೆಯುವ ಯಾದಗಿರಿ ಸೀಮೆ ಹೊರಗಿನದಲ್ಲ. ಮಧ್ವಾಚಾರ್ಯರ ಗ್ರಂಥಗಳಿಗೆ ವ್ಯಾಖ್ಯಾನ ಬರೆದು ಟೀಕಾಚಾರ್ಯರೆಂದೇ ಹೆಸರಾದ 14ನೆಯ ಶತಮಾನದ ಜಯತೀರ್ಥರು ಇದೇ ಜಿಲ್ಲೆಯ ಯರಗೋಳದ ಗುಹೆಯಲ್ಲಿ ಕುಳಿತು ‘ನ್ಯಾಯಸುಧಾ’ವನ್ನು ರಚಿಸಿದರೆಂಬುದು ಪರಂಪರೆಯ ನಂಬಿಕೆ, ಅವರ ‘ಪ್ರಮಾಣಪದ್ಧತಿ’ಯಂತೂ ಸರಿಯಾದ ಅರಿವಿನ ಸಾಧನಗಳನ್ನು ವಿಂಗಡಿಸಿ ವಿವರಿಸುವುದಕ್ಕೆಂದೇ ಹುಟ್ಟಿದ ಗ್ರಂಥ. ಮಧ್ವರ ದ್ವೈತ ಸಂಪ್ರದಾಯದಲ್ಲಿ ಆ ಸಾಧನಗಳು ಮೂರು: ವಿಷಯದೊಡನೆ ಇಂದ್ರಿಯಕ್ಕೆ ಉಂಟಾಗುವ ಸಂಬಂಧದಿಂದ ಬರುವ ಪ್ರತ್ಯಕ್ಷ, ಯುಕ್ತಿಯಿಂದ ಬರುವ ಅನುಮಾನ, ಶಬ್ದದಿಂದ ಬರುವ ಆಗಮ. ಮೂರಕ್ಕೂ ಹಾಕಿರುವ ಕಟ್ಟು ಒಂದೇ, ಅದು ದೋಷವಿಲ್ಲದೆ ಇರಬೇಕೆಂಬುದು. ಇಂದ್ರಿಯವಾಗಲಿ ಯುಕ್ತಿಯಾಗಲಿ ಮಾತಾಗಲಿ ಕೆಟ್ಟಿದ್ದರೆ ಅದರಿಂದ ಹುಟ್ಟಿದ ತಿಳಿವಳಿಕೆ ಪ್ರಮಾಣವೆನಿಸುವುದಿಲ್ಲ. ಆಗಮದಲ್ಲಿ ಮತ್ತೆ ಎರಡು ಬಗೆಯುಂಟು. ಯಾರೂ ರಚಿಸದ ವೇದ ಅಪೌರುಷೇಯವಾದರೆ, ಮನುಷ್ಯರು ಆಡಿದ, ಬರೆದ ಮಾತೆಲ್ಲ ಪೌರುಷೇಯ, ಮತ್ತು ಪೌರುಷೇಯವಾದದ್ದು ಆಡಿದವನ ಗುಣದೋಷಗಳಿಗೆ ಒಳಪಟ್ಟೇ ಇರುತ್ತದೆ.

ದತ್ತಸಂಚಯ ನಿಸ್ಸಂಶಯವಾಗಿ ಪೌರುಷೇಯ. ಮಾರ್ಗರೆಟ್ ಡೇಹಾಫ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ 1965ರಲ್ಲಿ 65 ಪ್ರೋಟೀನುಗಳ ಅಮೈನೊ ಆಮ್ಲಗಳ ಅನುಕ್ರಮವನ್ನು ಒಂದು ಪುಸ್ತಕವಾಗಿ ಅಚ್ಚು ಹಾಕಿಸಿದಲ್ಲಿಂದ ಈ ಕೆಲಸ ಮೊದಲಾಯಿತೆನ್ನಬಹುದು. ಅಣುಗಳ ಮೂರು ಆಯಾಮದ ರಚನೆಯನ್ನು ಕೂಡಿಡುವ ಪ್ರೋಟೀನ್ ಡೇಟಾ ಬ್ಯಾಂಕ್ 1971ರಲ್ಲಿ ಬರಿಯ 7 ರಚನೆಗಳೊಡನೆ ಆರಂಭವಾಗಿ ಇಂದು 2 ಲಕ್ಷವನ್ನು ದಾಟಿದೆ. 1986ರಲ್ಲಿ ಹುಟ್ಟಿದ ಸ್ವಿಸ್-ಪ್ರಾಟ್ ಎಂಬ ಪ್ರೋಟೀನ್ ಸಂಚಯ ಬೇರೆರಡು ಸಂಗ್ರಹಗಳೊಡನೆ ಕೂಡಿ 2002ರಲ್ಲಿ ಯುನಿಪ್ರಾಟ್ ಆಯಿತು. ದೇಹದೊಳಗಿನ ರಾಸಾಯನಿಕ ದಾರಿಗಳನ್ನು ನಕ್ಷೆಗಳಾಗಿ ತೋರಿಸುವ ಕೆಗ್ ಎಂಬ ಸಂಚಯ 1995ರಲ್ಲಿ ಜಪಾನಿನ ಕ್ಯೋಟೊದಲ್ಲಿ ಮೊದಲಾಯಿತು. ಇವುಗಳ ಹಿಂದೆ ಪ್ರಯೋಗ ಮಾಡಿದವರು, ಅದನ್ನು ಪ್ರಬಂಧವಾಗಿ ಬರೆದವರು, ಪ್ರಬಂಧವನ್ನು ಓದಿ ಸಾರ ತೆಗೆದು ಸಂಚಯಕ್ಕೆ ಸೇರಿಸಿದವರು, ಓದದೆಯೇ ಸೇರಿಸುವಂತೆ ಗಣಕಕ್ಕೆ ಸೂಚನೆ ಬರೆದವರು, ಹೀಗೆ ಹಲವು ಕೈಗಳಿವೆ. ಪರದೆಯ ಮೇಲೆ ಮಾತ್ರ ಅವರಾರೂ ಕಾಣದೆ ಮಾತಷ್ಟೇ ಕಾಣುವುದರಿಂದ, ಪೌರುಷೇಯವಾದ ಮಾತು ಅಪೌರುಷೇಯದ ಗತ್ತನ್ನು ತಾನಾಗಿ ಪಡೆದುಬಿಡುತ್ತದೆ. ಪಾಠ ಹೇಳುವವರು ಮೊದಲು ಬಿಡಿಸಬೇಕಾದ ಭ್ರಮೆ ಇದು.

ಅದನ್ನು ಬಿಡಿಸುವ ಸಾಧನ ಸಂಚಯದೊಳಗೇ ಇದೆ. ಯುನಿಪ್ರಾಟ್‌ನಲ್ಲಿ ಕ್ಯೂ16719 ಎಂಬ ಸಂಖ್ಯೆಯನ್ನು ಹುಡುಕಿದರೆ ಮನುಷ್ಯರ ಕೈನ್ಯುರೆನಿನೇಸ್ ಎಂಬ ಕಿಣ್ವದ ಪುಟ ತೆರೆಯುತ್ತದೆ. ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲ ದೇಹದಲ್ಲಿ ನಿಯಾಸಿನ್ ಎಂಬ ಬಿ ಗುಂಪಿನ ಜೀವಸತ್ತ್ವದ ಕಡೆಗೆ ಸಾಗುವ ದಾರಿಯಲ್ಲಿ ಒಂದು ಮೆಟ್ಟಿಲನ್ನು ನಡೆಸಿಕೊಡುವ ಈ ಕಿಣ್ವದಲ್ಲಿ 465 ಅಮೈನೊ ಆಮ್ಲಗಳಿವೆಯೆಂದೂ, ಬಿ6 ಜೀವಸತ್ತ್ವದಿಂದ ಆಗುವ ಪಿರಿಡಾಕ್ಸಲ್ ಫಾಸ್ಫೇಟ್ ಜೊತೆಗಿಲ್ಲದೆ ಇದು ಕೆಲಸ ಮಾಡದೆಂದೂ ಅಲ್ಲಿ ಬರೆದಿದೆ. ಆದರೆ ವಿದ್ಯಾರ್ಥಿ ನೋಡಬೇಕಾದದ್ದು ಈ ಹೇಳಿಕೆಗಳ ಪಕ್ಕದಲ್ಲಿ ಚಿಕ್ಕದಾಗಿ ಅಂಟಿಸಿರುವ ಗುರುತುಗಳನ್ನು. ಇಂತಿಂಥ ಪ್ರಬಂಧದಲ್ಲಿ ವರದಿಯಾದ ಪ್ರಯೋಗದಿಂದ ತಿಳಿದದ್ದು, ಸಮಾನ ಪ್ರೋಟೀನಿನ ಹೋಲಿಕೆಯಿಂದ ತಿಳಿದದ್ದು, ಗಣಕವೇ ಅನುಕ್ರಮದಿಂದ ಊಹಿಸಿದ್ದು ಎಂದು ಆ ಗುರುತುಗಳು ಬೇರ್ಪಡಿಸಿ ಹೇಳುತ್ತವೆ. ಇದಲ್ಲದೆ ಪ್ರತಿಯೊಂದು ಪ್ರೋಟೀನಿನ ಅಸ್ತಿತ್ವಕ್ಕೇ 5 ದರ್ಜೆಯ ಆಧಾರಗಳಿವೆ: ಪ್ರೋಟೀನನ್ನೇ ಕಂಡದ್ದು, ಅದಕ್ಕೆ ಮುಂಚಿನ ಆರ್‌ಎನ್‌ಎಯನ್ನು ಕಂಡದ್ದು, ಸಜಾತೀಯ ಪ್ರೋಟೀನಿನಿಂದ ಅನುಮಾನಿಸಿದ್ದು, ಬರೀ ಊಹಿಸಿದ್ದು, ಸಂಶಯಾಸ್ಪದವಾದದ್ದು. ಪ್ರತ್ಯಕ್ಷವನ್ನೂ ಅನುಮಾನವನ್ನೂ ಬೆರೆಸದೆ ಇಡುವ ಎಚ್ಚರ ಇಲ್ಲಿ ಕೋಷ್ಟಕದ ರೂಪ ಪಡೆದಿದೆ.

ಹೋಲಿಕೆಯಿಂದ ಬರುವ ಅರಿವನ್ನು ನ್ಯಾಯದರ್ಶನದ ಉಪಮಾನವೆಂದು ಕರೆಯುವ ಆಸೆಯಾಗಬಹುದು, ಆದರೆ ಅದು ಸರಿಯಾಗದು. ಹಸುವಿನಂತಿರುವುದೇ ಗವಯ ಎಂದು ಕೇಳಿ ತಿಳಿದವನು ಕಾಡಿನಲ್ಲಿ ಅಂಥ ಪ್ರಾಣಿಯನ್ನು ಕಂಡು ಆ ಹೆಸರು ಇದಕ್ಕೆ ಸಲ್ಲುತ್ತದೆಂದು ಅರಿಯುವುದಷ್ಟೇ ಉಪಮಾನ. ಅನುಕ್ರಮ ಹೋಲುವುದರಿಂದ ಕೆಲಸವೂ ಅದೇ ಇರಬೇಕೆನ್ನುವುದು ಶುದ್ಧ ಅನುಮಾನ, ಮತ್ತು ಅನುಮಾನ ನಿಲ್ಲುವುದು ವ್ಯಾಪ್ತಿಯ ಮೇಲೆ, ಅಂದರೆ ಒಂದು ಇದ್ದಲ್ಲೆಲ್ಲ ಇನ್ನೊಂದು ತಪ್ಪದೆ ಇರುತ್ತದೆಂಬ ನಿಯಮದ ಮೇಲೆ. ಆ ನಿಯಮ ತಪ್ಪುವ ಕಡೆಗೆ ವ್ಯಭಿಚಾರವೆಂದು ಶಾಸ್ತ್ರದ ಹೆಸರು. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಬೋನಾಳದ ಕೆರೆ ಪಕ್ಷಿಧಾಮವಾಗಿರುವುದರಿಂದ ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಬಾತುಕೋಳಿಯ ಕಣ್ಣಿನ ಮಸೂರದಲ್ಲಿರುವ ಡೆಲ್ಟಾ ಕ್ರಿಸ್ಟಲಿನ್ ಎಂಬ ಪ್ರೋಟೀನಿಗೂ, ದೇಹದ ಸಾರಜನಕವನ್ನು ಯೂರಿಯಾ ಮಾಡುವ ದಾರಿಯಲ್ಲಿರುವ ಆರ್ಜಿನಿನೊಸಕ್ಸಿನೇಟ್ ಲಯೇಸ್ ಎಂಬ ಕಿಣ್ವಕ್ಕೂ ಅನುಕ್ರಮದಲ್ಲಿ ತೀರ ಹತ್ತಿರದ ನಂಟು. ಆದರೆ ಆ ಕ್ರಿಸ್ಟಲಿನ್‌ನ ಒಂದು ರೂಪ ಕಿಣ್ವದ ಶಕ್ತಿಯನ್ನೇ ಕಳೆದುಕೊಂಡು, ಬೆಳಕನ್ನು ಹಾಯಿಸುವ ಪಾರದರ್ಶಕ ದ್ರವ್ಯವಾಗಷ್ಟೇ ಉಳಿದಿದೆ. ಹೋಲಿಕೆಯನ್ನೇ ನಂಬಿದವರು ಇಲ್ಲಿ ಎಡವುತ್ತಾರೆ.

ಹಾಗಾದರೆ ಪ್ರತಿಯೊಂದು ನಮೂದನ್ನೂ ಪರೀಕ್ಷಿಸಿದ ಮೇಲೆಯೇ ಒಪ್ಪಬೇಕೇ, ಅಥವಾ ಒಪ್ಪಿಕೊಂಡು ನಡೆದು, ಅದಕ್ಕೆ ವಿರೋಧ ಬಂದಾಗ ಬಿಡಬೇಕೇ? ನೈಯಾಯಿಕರು ಅರಿವಿನ ಪ್ರಾಮಾಣ್ಯ ಹೊರಗಿನಿಂದ, ಅಂದರೆ ಬೇರೆ ಪರೀಕ್ಷೆಯಿಂದ ಗೊತ್ತಾಗುವುದೆಂದು ಹೇಳಿ ಪರತಃಪ್ರಾಮಾಣ್ಯವನ್ನು ಎತ್ತಿಹಿಡಿದರು. ಮೀಮಾಂಸಕರಾದರೋ ಅರಿವು ತನ್ನಿಂದ ತಾನೇ ಪ್ರಮಾಣ, ಅದನ್ನು ಅಪ್ರಮಾಣವೆನ್ನಲು ಮಾತ್ರ ಹೊರಗಿನ ಕಾರಣ ಬೇಕೆಂದರು. ಪರೀಕ್ಷೆಗೂ ಪರೀಕ್ಷೆ, ಅದಕ್ಕೂ ಇನ್ನೊಂದು ಎಂದು ಹೋದರೆ ಕೊನೆಯೇ ಇಲ್ಲದ ಅನವಸ್ಥೆಯಾಗುತ್ತದೆಂಬುದು ಅವರ ಆಕ್ಷೇಪ. ಅರಿವನ್ನು ಹಿಡಿಯುವ ಸಾಕ್ಷಿಯೇ, ಅಂದರೆ ಆತ್ಮದ ಒಳಅರಿವೇ, ಅದರ ಪ್ರಾಮಾಣ್ಯವನ್ನೂ ಹಿಡಿಯುತ್ತದೆ, ಸಂಶಯ ಎದ್ದಲ್ಲಿ ಪರೀಕ್ಷೆ ನೆರವಿಗೆ ಬರುತ್ತದೆ ಎಂದ ದ್ವೈತಿಗಳ ನಿಲುವು ತರಗತಿಗೆ ಹೆಚ್ಚು ಒದಗಿಬರುತ್ತದೆ. 465 ಎಂಬ ಸಂಖ್ಯೆಯನ್ನು ವಿದ್ಯಾರ್ಥಿ ಮತ್ತೆ ಎಣಿಸಿ ನೋಡಬೇಕಾಗಿಲ್ಲ. ಆದರೆ ಎರಡು ಸಂಚಯಗಳು ಬೇರೆಬೇರೆ ಹೇಳಿದಾಗ, ಹೇಳಿಕೆಯ ಪಕ್ಕದ ಗುರುತು ದುರ್ಬಲವಾಗಿದ್ದಾಗ, ಕಣ್ಣಮುಂದಿನ ರೋಗಿಯ ಸ್ಥಿತಿ ಅದಕ್ಕೆ ಹೊಂದದಿದ್ದಾಗ ಸಂಶಯಪಡಲು ಆಕೆಗೆ ಬರಬೇಕು, ಸಂಶಯ ಬಂದಾಗ ಮೂಲ ಪ್ರಬಂಧದವರೆಗೆ ಹಿಂದಕ್ಕೆ ನಡೆಯಲೂ ಬರಬೇಕು.

ಇಂಥ ನಡಿಗೆಗೆ ಜೋಳದ ನಾಡಿನದೇ ಒಂದು ಸಮಸ್ಯೆ ತಕ್ಕ ಪಾಠವಾಗುತ್ತದೆ. ನಿಯಾಸಿನ್ ಕೊರತೆಯಿಂದ ಬರುವ ಪೆಲ್ಲಾಗ್ರ ಎಂಬ ರೋಗದಲ್ಲಿ ಬಿಸಿಲಿಗೆ ಬಿದ್ದ ಚರ್ಮ ಕಪ್ಪಿಟ್ಟು ಒಡೆಯುತ್ತದೆ, ಭೇದಿಯಾಗುತ್ತದೆ, ಮನಸ್ಸು ಕದಡುತ್ತದೆ. ಅಮೆರಿಕ, ಯುರೋಪುಗಳಲ್ಲಿ ಇದು ಮೆಕ್ಕೆಜೋಳವನ್ನೇ ನೆಚ್ಚಿದವರ ರೋಗವಾಗಿತ್ತು. ಮೆಕ್ಕೆಜೋಳದಲ್ಲಿ ಟ್ರಿಪ್ಟೊಫ್ಯಾನ್ ಕಡಿಮೆ, ಇರುವ ನಿಯಾಸಿನ್ ಕೂಡ ದೇಹಕ್ಕೆ ಸುಲಭವಾಗಿ ದಕ್ಕುವುದಿಲ್ಲ. ದಖ್ಖನಿನಲ್ಲಿ ಅದು ಕಾಣಿಸಿಕೊಂಡದ್ದು ಬಿಳಿಜೋಳ ಉಣ್ಣುವ ಬಡವರಲ್ಲಿ, ಮತ್ತು ಈ ಜೋಳಕ್ಕೆ ಆ ವಿವರಣೆ ಹೊಂದುತ್ತಿರಲಿಲ್ಲ. ಹೈದರಾಬಾದಿನ ಪೋಷಣ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬೇರೊಂದು ಕಾರಣವನ್ನು ಮುಂದಿಟ್ಟರು: ಜೋಳದ ಪ್ರೋಟೀನಿನಲ್ಲಿ ಲ್ಯೂಸಿನ್ ಎಂಬ ಅಮೈನೊ ಆಮ್ಲ ಅತಿಯಾಗಿರುವುದರಿಂದ ಟ್ರಿಪ್ಟೊಫ್ಯಾನ್ ಮತ್ತು ನಿಯಾಸಿನ್‌ಗಳ ಬಳಕೆಯೇ ದೇಹದಲ್ಲಿ ಏರುಪೇರಾಗುತ್ತದೆ. ನೂರು ಗ್ರಾಂ ಪ್ರೋಟೀನಿಗೆ ಲ್ಯೂಸಿನ್ ಜೋಳದಲ್ಲಿ ಸುಮಾರು 12 ಗ್ರಾಂ, ಅಕ್ಕಿಯಲ್ಲಿ ಸುಮಾರು 8 ಗ್ರಾಂ. ಮುಂದೆ ಬೇರೆ ಪ್ರಯೋಗಾಲಯಗಳ ಫಲಿತಾಂಶಗಳೆಲ್ಲ ಇದಕ್ಕೆ ಒಂದೇ ಸಮನೆ ಬೆಂಬಲ ಕೊಡಲಿಲ್ಲ; ಬಿ6 ಜೀವಸತ್ತ್ವದ ಪಾತ್ರವೂ ಚರ್ಚೆಗೆ ಬಂತು; ಮೆಕ್ಕೆಜೋಳದಲ್ಲಿಯೂ ಲ್ಯೂಸಿನ್ ಇಷ್ಟೇ ಇದೆಯೆಂಬುದು ವಾದದ ಎರಡೂ ಕಡೆಗೆ ಬಳಕೆಯಾಗಬಲ್ಲ ಸಂಗತಿಯಾಯಿತು.

ಈ ಇತಿಹಾಸ ಓದಿಕೊಂಡು ಕೆಗ್‌ನ ಟ್ರಿಪ್ಟೊಫ್ಯಾನ್ ನಕ್ಷೆಯನ್ನು ತೆರೆದರೆ ಅಲ್ಲಿ ಲ್ಯೂಸಿನ್ ಕಾಣುವುದಿಲ್ಲ. ಕಾಣದ್ದರಿಂದ ಇಲ್ಲವೆಂದು ತೀರ್ಮಾನಿಸಬಹುದೇ? ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಕಾಣದಿರುವುದನ್ನು, ಅಂದರೆ ಅನುಪಲಬ್ಧಿಯನ್ನು, ಪ್ರತ್ಯೇಕ ಪ್ರಮಾಣವೆಂದೇ ಒಪ್ಪಿದರು. ಆದರೆ ಇದ್ದಿದ್ದರೆ ಕಂಡೇ ತೀರಬೇಕಾಗಿದ್ದ ವಸ್ತು ಕಾಣದಿದ್ದರೆ ಮಾತ್ರ ಅದು ಇಲ್ಲವೆನ್ನಬೇಕೆಂಬ ಯೋಗ್ಯತೆಯ ಷರತ್ತನ್ನೂ ಹಾಕಿದರು. ಬೆಳಕಿರುವ ಕೋಣೆಯಲ್ಲಿ ಕೊಡ ಕಾಣದಿದ್ದರೆ ಕೊಡವಿಲ್ಲ, ಕತ್ತಲೆಯಲ್ಲಿ ಕಾಣದಿದ್ದರೆ ಏನೂ ಹೇಳುವಂತಿಲ್ಲ. ಆ ನಕ್ಷೆ ತೋರಿಸಲು ಹೊರಟದ್ದು ಯಾವ ಅಣು ಯಾವುದಾಗಿ ಮಾರ್ಪಡುತ್ತದೆಂಬುದನ್ನು. ಬೇರೊಂದು ಅಣು ಆ ದಾರಿಯನ್ನು ಹಗುರಾಗಿ ಹಿಡಿದೆಳೆಯುವುದನ್ನು ತೋರಿಸುವುದು ಅದರ ಉದ್ದೇಶದಲ್ಲೇ ಇಲ್ಲ, ಆದ್ದರಿಂದ ಅದರ ಮೌನ ಲ್ಯೂಸಿನ್ ವಾದದ ಖಂಡನೆಯಾಗದು. ಆಹಾರಗಳ ಪೋಷಕಾಂಶ ಕೋಷ್ಟಕದಲ್ಲಿ ಖಾಲಿ ಉಳಿದ ಮನೆಯೂ ಹೀಗೆಯೇ. ಅದನ್ನು ಅಳೆದಿಲ್ಲವೆಂದು ಓದಬೇಕೇ ಹೊರತು ಸೊನ್ನೆಯೆಂದು ಲೆಕ್ಕಕ್ಕೆ ಹಿಡಿಯಬಾರದು. ದತ್ತಸಂಚಯಗಳಿಂದ ಕಲಿಸುವಾಗ ಇದಕ್ಕಿಂತ ಮುಖ್ಯವಾದ ಪಾಠ ಇನ್ನೊಂದಿರಲಾರದು, ಏಕೆಂದರೆ ಪರದೆಯ ಮೇಲೆ ಇರುವುದಕ್ಕೆ ಆಧಾರದ ಗುರುತುಗಳಿವೆ, ಇಲ್ಲದ್ದಕ್ಕೆ ಯಾವ ಗುರುತೂ ಇಲ್ಲ.

ಇನ್ನು ಅಳೆದುದರ ಮಿತಿ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಸಂಯೋಜನೆಯ ಕೋಷ್ಟಕಗಳಲ್ಲಿ 528 ಆಹಾರಗಳಿವೆ; ದೇಶವನ್ನು 6 ವಲಯಗಳಾಗಿ ವಿಂಗಡಿಸಿ ಮಾದರಿಗಳನ್ನು ತರಿಸಿ ಅಳೆದ ಅಂಕಿಗಳವು. ಸರಾಸರಿಯ ಆ ಜೋಳ ಯಾರ ಹೊಲದಲ್ಲೂ ಬೆಳೆದದ್ದಲ್ಲ, ಯಾರ ತಟ್ಟೆಗೂ ಬೀಳುವುದಿಲ್ಲ. ಸುರಪುರ–ಶಹಾಪುರದ ಕರಿನೆಲದಲ್ಲಿ ಹಿಂಗಾರಿಗೆ ಬೆಳೆದ ಜೋಳ ರೊಟ್ಟಿಯಾಗಿ ತಟ್ಟೆಗೆ ಬರುವಾಗ ಜೊತೆಗೆ ಪುಂಡಿ ಪಲ್ಯ, ತೊಗರಿ ಬ್ಯಾಳಿ, ಶೇಂಗಾ ಹಿಂಡಿ ಇರುತ್ತವೆ. ತೂಕಕ್ಕೆ ತೂಕ ನೋಡಿದರೆ ಶೇಂಗಾದಲ್ಲಿ ಜೋಳದ ಐದಾರು ಪಟ್ಟು ನಿಯಾಸಿನ್ ಇರುವುದರಿಂದ, ಒಂದೊಂದೇ ಸಾಲಿನಲ್ಲಿ ಕೊರತೆಯಾಗಿ ತೋರುವುದು ಕೂಡಿ ಉಂಡಲ್ಲಿ ತುಂಬಿಬರಬಹುದು. ಇದನ್ನು ಕಂಡು ಹಿರಿಯರಿಗೆ ಎಲ್ಲವೂ ಗೊತ್ತಿತ್ತೆಂದು ಹೊಗಳುವುದು ಮತ್ತೊಂದು ಅವಸರ. ಶೇಂಗಾ ದಕ್ಷಿಣ ಅಮೆರಿಕದಿಂದ ಬಂದ ಬೆಳೆ. ಹಿಂಡಿ ಕೊಳ್ಳಲಾಗದ ಮನೆಗಳಲ್ಲಿಯೇ ಪೆಲ್ಲಾಗ್ರ ಬಂದದ್ದು. ರೂಢಿ ಒಳ್ಳೆಯ ಫಲ ಕೊಟ್ಟರೂ ಕಾರಣವನ್ನು ಅರಿಯದಿದ್ದರೆ ಅದು ಪ್ರಮಾಣಜ್ಞಾನವಾಗುವುದಿಲ್ಲ. ನಾರಾಯಣಪುರದ ಕಾಲುವೆ ನೀರು ಬಂದು ಭತ್ತ ಬೆಳೆದು ತಟ್ಟೆಯೇ ಬದಲಾದಾಗ, ಬಿಟ್ಟದ್ದೇನು ಹಿಡಿದದ್ದೇನು ಎಂಬ ಲೆಕ್ಕವನ್ನು ರೂಢಿ ಹೇಳಿಕೊಡಲಾರದು.

ತೈತ್ತಿರೀಯ ಉಪನಿಷತ್ತಿನಲ್ಲಿ ಭೃಗು ಅನ್ನವೇ ಬ್ರಹ್ಮವೆಂದು ಮೊದಲು ಅರಿಯುತ್ತಾನೆ, ಅಲ್ಲಿಗೆ ನಿಲ್ಲದೆ ಮತ್ತೆ ತಂದೆಯ ಬಳಿಗೆ ಬಂದು ಮತ್ತೆ ತಪಸ್ಸಿಗೆ ಹೋಗಿ ಪ್ರಾಣ, ಮನಸ್ಸು, ವಿಜ್ಞಾನ, ಆನಂದಗಳವರೆಗೆ ನಡೆಯುತ್ತಾನೆ. ವರುಣ ಮಗನಿಗೆ ಉತ್ತರಗಳ ಪಟ್ಟಿಯನ್ನು ಕೊಡದೆ ಹುಡುಕುವ ಕ್ರಮವನ್ನು ಕೊಟ್ಟ, ಮತ್ತು ಮೊದಲ ಉತ್ತರವನ್ನು ಸುಳ್ಳೆನ್ನದೆ ಸಾಲದೆಂದಷ್ಟೇ ತೋರಿಸಿದ. ಮಾತನ್ನು ಕೇಳುವುದೂ ತಾನೇ ವಿಚಾರಿಸುವುದೂ ಒಂದರ ಬದಲಿಗೆ ಇನ್ನೊಂದಲ್ಲ, ಒಂದರ ಮೇಲೊಂದು ಎಂಬುದು ಆ ಕಥೆಯ ರಚನೆಯಲ್ಲೇ ಇದೆ.

ಇಷ್ಟು ಸಂಶಯವನ್ನು ಕಲಿಸುವುದು ಅನುಕೂಲಸ್ಥ ಪ್ರಯೋಗಾಲಯಗಳಿರುವವರಿಗೆ ಸರಿ, ದುಬಾರಿ ಉಪಕರಣಗಳಿಲ್ಲದ ಕಾಲೇಜುಗಳಿಗೆ ದತ್ತಸಂಚಯವೇ ದೊಡ್ಡ ಭಾಗ್ಯವಲ್ಲವೇ ಎಂಬ ಆಕ್ಷೇಪ ಬರಬಹುದು. ಭಾಗ್ಯವೆಂಬುದು ನಿಜ, ಕಲ್ಯಾಣ ಕರ್ನಾಟಕದ ವಿದ್ಯಾರ್ಥಿನಿ ಕೇಂಬ್ರಿಜ್‌ನವರು ನೋಡುವ ಪುಟವನ್ನೇ ಅದೇ ದಿನ, ಹಣ ಕೊಡದೆ ನೋಡಬಲ್ಲಳು. ಆದರೆ ತಾನೇ ಅಳೆಯುವ ಅನುಕೂಲ ಯಾರಿಗೆ ಕಡಿಮೆಯೋ ಅವರೇ ಬೇರೆಯವರ ಮಾತನ್ನು ಹೆಚ್ಚು ನೆಚ್ಚಬೇಕಾಗುವುದರಿಂದ, ಮಾತಿನ ಗುಣದೋಷಗಳನ್ನು ತೂಗುವ ವಿದ್ಯೆ ಅವರಿಗೇ ಹೆಚ್ಚು ಬೇಕು. ಪ್ರತ್ಯಕ್ಷವನ್ನು ಆಧರಿಸಿ ನಿಂತ ಶಬ್ದ ಆ ಪ್ರತ್ಯಕ್ಷವನ್ನೇ ಅಲ್ಲಗಳೆಯಲಾರದೆಂಬ ಮಧ್ವಮತದ ಉಪಜೀವ್ಯ ನ್ಯಾಯ ಇಲ್ಲಿ ಅವರ ಕೈಬಲವಾಗುತ್ತದೆ: ಸಂಚಯ ನಿಂತಿರುವುದೇ ಯಾರೋ ಮಾಡಿದ ಅಳತೆಯ ಮೇಲೆ, ಆದ್ದರಿಂದ ತಮ್ಮೂರಿನ ಜೋಳವನ್ನು ಸರಿಯಾಗಿ ಅಳೆದು ಬಂದ ಅಂಕಿ ಕೋಷ್ಟಕಕ್ಕೆ ಹೊಂದದಿದ್ದರೆ ತಲೆಬಾಗಬೇಕಾದದ್ದು ಅಂಕಿಯೇ ಎಂದು ಮೊದಲೇ ಗೊತ್ತುಮಾಡುವಂತಿಲ್ಲ.

ಈ ವಿದ್ಯೆಗೆ ಕೊನೆಯದಾಗಿ ಇನ್ನೊಂದು ಕಾರಣವಿದೆ. ವಿಷಯವನ್ನು ಇದ್ದಂತೆ ಅರಿತು, ಅರಿತಂತೆಯೇ ಹೇಳಬೇಕೆಂಬ ಇಚ್ಛೆಯುಳ್ಳವನನ್ನು ನೈಯಾಯಿಕರು ಆಪ್ತ ಎಂದು ಕರೆದು, ಶಬ್ದಪ್ರಮಾಣವನ್ನು ಅವನ ಮಾತಿನ ಮೇಲೆ ನಿಲ್ಲಿಸಿದರು. ಪೋಷಣಶಾಸ್ತ್ರ ಓದಿದವಳು ನಾಳೆ ಅಂಗನವಾಡಿಯಲ್ಲೋ ಆಸ್ಪತ್ರೆಯಲ್ಲೋ ಕುಳಿತು ಒಬ್ಬ ಬಾಣಂತಿಗೆ ಇದನ್ನು ಉಣ್ಣಬೇಕು, ಅದು ಸಾಲದು ಎಂದು ಹೇಳುವಾಗ, ಕೇಳುವವಳಿಗೆ ಯುನಿಪ್ರಾಟ್ ಇಲ್ಲ, ಕೋಷ್ಟಕವಿಲ್ಲ, ಆಧಾರದ ಗುರುತುಗಳಿಲ್ಲ. ಇರುವುದು ಹೇಳಿದವಳ ಮಾತೊಂದೇ. ಪ್ರಯೋಗಾಲಯದಿಂದ ಸಂಚಯಕ್ಕೆ, ಸಂಚಯದಿಂದ ತರಗತಿಗೆ ಬಂದ ಶಬ್ದದ ಸರಪಣಿ ಅಲ್ಲಿ ಮುಗಿಯುತ್ತದೆ, ಹಿಂದಿನ ಕೊಂಡಿಗಳ ದೋಷವೆಲ್ಲ ಅಲ್ಲಿ ಒಂದು ಮೈಯ ಮೇಲೆ ಫಲಿಸುತ್ತದೆ. ಆದುದರಿಂದ ದತ್ತಸಂಚಯವನ್ನು ಓದಲು ಕಲಿಸುವುದೆಂದರೆ ಮಾಹಿತಿಯನ್ನು ಹುಡುಕಲು ಕಲಿಸುವುದಷ್ಟೇ ಆಗದೆ, ಯಾವ ಮಾತನ್ನು ಕಂಡದ್ದೆಂದು, ಯಾವುದನ್ನು ಊಹಿಸಿದ್ದೆಂದು, ಯಾವುದನ್ನು ಇನ್ನೂ ತಿಳಿಯದ್ದೆಂದು ಹೇಳಬೇಕೆಂಬ ವಿವೇಕವಿರುವ ಆಪ್ತರನ್ನು ಸಿದ್ಧಪಡಿಸುವುದಾಗುತ್ತದೆ.