ಗಣದ್ರವ್ಯ ವಿಚಾರ

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿ ತರುಣರ ಸಂಘವಿಲ್ಲದ ಊರು ವಿರಳ. ಒಂದೂರಿನಲ್ಲಿ ಅದು ಡೊಳ್ಳಿನ ಮೇಳ, ಇನ್ನೊಂದೂರಿನಲ್ಲಿ ವೀರಗಾಸೆಯ ತಂಡ. ಮತ್ತೊಂದು ಕಡೆ ಭಜನಮಂಡಲಿ, ಗರಡಿ, ನಾಟಕದ ಗುಂಪು, ಶಾಲೆಯ ಸ್ಕೌಟು ದಳ. ಇವುಗಳಲ್ಲಿ ಅನೇಕವು ಒಂದು ದೇವಸ್ಥಾನದ ಸಮಿತಿಯನ್ನೋ, ಮಠವನ್ನೋ, ವಿದ್ಯಾಸಂಸ್ಥೆಯನ್ನೋ ಆಶ್ರಯಿಸಿ ಬೆಳೆಯುತ್ತವೆ. ಆಶ್ರಯವಿತ್ತವರು ಕೂಡಿಕೊಳ್ಳಲು ಒಂದು ಕೊಠಡಿಯನ್ನೂ ತಮ್ಮ ಹೆಸರಿನ ಗೌರವವನ್ನೂ ಕೊಡುತ್ತಾರೆ. ಹುಡುಗರು ಮೈಮುರಿದು ದುಡಿಯುತ್ತಾರೆ. ಊರವರು ಕೈಲಾದಷ್ಟು ಹಣವನ್ನು ಕೊಡುತ್ತಾರೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಡೊಳ್ಳು, ಹಾರ್ಮೋನಿಯಂ, ವೇಷಭೂಷಣ, ಡೇರೆ, ಪಾತ್ರೆಪರಡಿ, ಬ್ಯಾಂಕಿನಲ್ಲಿ ಅಷ್ಟಿಷ್ಟು ಹಣ ಕೂಡಿಬರುತ್ತವೆ. ಸೌಹಾರ್ದವಿರುವ ತನಕ ಇವೆಲ್ಲ ಯಾರವು ಎಂದು ಯಾರೂ ಕೇಳುವುದಿಲ್ಲ. ಮನಸ್ತಾಪ ಬಂದ ದಿನ ಬೀರುವಿಗೆ ಬೀಗ ಬೀಳುತ್ತದೆ. ಅಂದೇ ಪ್ರಶ್ನೆಯೂ ಹುಟ್ಟುತ್ತದೆ.

ಆಶ್ರಯದಾತರ ವಾದ ಹೀಗಿರುತ್ತದೆ: "ನಮ್ಮ ಹೆಸರಿಲ್ಲದಿದ್ದರೆ ಈ ಹುಡುಗರಿಗೆ ಒಂದು ಕಾಸೂ ಹುಟ್ಟುತ್ತಿರಲಿಲ್ಲ. ತಪ್ಪು ನಡೆದರೆ ಊರು ಕೇಳುವುದು ನಮ್ಮನ್ನು. ಆದುದರಿಂದ ಸೊತ್ತು ನಮ್ಮದು." ತರುಣರ ವಾದ ಇದು: "ಮನೆಮನೆ ತಿರುಗಿದವರು ನಾವು, ಜಾತ್ರೆಯಲ್ಲಿ ಕುಣಿದು ಸಂಭಾವನೆ ತಂದವರು ನಾವು. ಆದುದರಿಂದ ಸೊತ್ತು ನಮ್ಮದು." ಎರಡರಲ್ಲಿಯೂ ಸತ್ಯಾಂಶವುಂಟು. ಆದರೆ ಸೊತ್ತು ಇಬ್ಬರಲ್ಲಿ ಒಬ್ಬರದು ಆಗಿಯೇ ತೀರಬೇಕೆಂದು ಇಬ್ಬರೂ ಮೊದಲೇ ನಿಶ್ಚಯಿಸಿಕೊಂಡಿರುತ್ತಾರೆ. ಆ ನಿಶ್ಚಯಕ್ಕೆ ಆಧಾರವೇನೆಂಬುದನ್ನು ಪರೀಕ್ಷಿಸಬೇಕು.

ನಮ್ಮ ಧರ್ಮಶಾಸ್ತ್ರಕಾರರು ಈ ವಿಷಯವನ್ನು ಕಾಣದೆ ಬಿಟ್ಟವರಲ್ಲ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಸಂವಿದ್ವ್ಯತಿಕ್ರಮವೆಂಬ ಪ್ರಕರಣವೊಂದುಂಟು. ಕೂಡಿ ಮಾಡಿಕೊಂಡ ಕಟ್ಟಳೆಯನ್ನು ಮುರಿಯುವುದೇ ಅದರ ವಿಷಯ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದುದು ಈ ಸ್ಮೃತಿಗೇ. ಗಣದ್ರವ್ಯವನ್ನು ಅಪಹರಿಸಿದವನ ಸರ್ವಸ್ವವನ್ನೂ ಕಸಿದು ರಾಜ್ಯದಿಂದ ಹೊರಗಟ್ಟಬೇಕೆಂದು ಸ್ಮೃತಿಯು ವಿಧಿಸುತ್ತದೆ. ಸಮೂಹದ ಕಾರ್ಯಕ್ಕಾಗಿ ಹೋದವನು ಪಡೆದುದನ್ನು ಸಮೂಹಕ್ಕೆ ಒಪ್ಪಿಸಬೇಕು; ತಾನಾಗಿ ಒಪ್ಪಿಸದಿದ್ದರೆ ಅದರ ಹನ್ನೊಂದರಷ್ಟನ್ನು ತೆರಬೇಕು ಎಂಬುದೂ ಅಲ್ಲಿಯೇ ಇದೆ.

ಇಲ್ಲಿ ಗಮನಿಸತಕ್ಕ ಅಂಶಗಳು ಎರಡು. ಬಿಡಿ ಬಿಡಿ ಸದಸ್ಯರಿಗಿಂತ ಬೇರೆಯಾದ ಗಣವೆಂಬುದಕ್ಕೆ ಸೊತ್ತು ಇರಬಲ್ಲುದು ಎಂಬುದು ಒಂದು. ಹಾಗಾಗಿ ದುಡಿದ ಹುಡುಗನೂ ತನ್ನ ಪಾಲೆಂದು ಡೊಳ್ಳನ್ನು ಮನೆಗೆ ಒಯ್ಯಲಾರನು. ಸಮೂಹದ ಹೆಸರಿನಲ್ಲಿ ಕೈಚಾಚಿದವನು ಎಷ್ಟೇ ದೊಡ್ಡವನಾಗಿರಲಿ, ಆ ಲಾಭ ಅವನದಾಗದು ಎಂಬುದು ಇನ್ನೊಂದು. ತರುಣರ ಸಂಘಕ್ಕೆಂದು ಚಂದಾ ಎತ್ತಿದ ಸಮಿತಿಗೂ ಈ ಮಾತು ನ್ಯಾಯವಾಗಿ ಅನ್ವಯಿಸುತ್ತದೆ.

ಹಾಗಾದರೆ ಆಶ್ರಯದಾತನ ಸ್ಥಾನವೇನು? ಇದಕ್ಕೆ ಮೀಮಾಂಸೆಯ ಒಂದು ವಿಚಾರ ಬೆಳಕು ಕೊಡುತ್ತದೆ. ವಿಶ್ವಜಿತ್ ಯಾಗದಲ್ಲಿ ಯಜಮಾನನು ಸರ್ವಸ್ವವನ್ನೂ ದಾನಮಾಡಬೇಕು. ಅರಸನು ಈ ಯಾಗವನ್ನು ಮಾಡಿದರೆ ರಾಜ್ಯದ ಭೂಮಿಯನ್ನೂ ಕೊಟ್ಟುಬಿಡಬಹುದೆ? ಕೂಡದೆಂಬುದು ಜೈಮಿನಿಯ ಸಿದ್ಧಾಂತ. ಭೂಮಿ ಎಲ್ಲರಿಗೂ ಸಮಾನವಾದುದು. ಅರಸನು ಅದರ ಪಾಲಕನು, ಒಡೆಯನಲ್ಲ. ಕಾಯುವ ಅಧಿಕಾರದಿಂದ ಕೊಟ್ಟುಬಿಡುವ ಅಧಿಕಾರ ಹುಟ್ಟದು.

ಉತ್ಸರ್ಗದ ವಿಷಯವೂ ಹೀಗೆಯೇ. ಕೆರೆಯನ್ನು ಕಟ್ಟಿಸಿ ಲೋಕಕ್ಕೆ ಬಿಟ್ಟವನು ಅದರ ನೀರನ್ನು ಕುಡಿಯಬಹುದು, ಆದರೆ ಹತ್ತು ಜನರಲ್ಲಿ ಒಬ್ಬನಾಗಿ. ತರೀಕೆರೆಯ ಬಳಿಯ ಅಮೃತಾಪುರದ ದೇವಾಲಯವನ್ನು 1196ರಲ್ಲಿ ಕಟ್ಟಿಸಿದವನು ವೀರಬಲ್ಲಾಳನ ದಂಡನಾಯಕನಾದ ಅಮಿತಯ್ಯ. ದೇವರಿಗೆ ಅವನ ಹೆಸರೇ ನಿಂತಿತು. ಹೆಸರು ನಿಂತ ಮಾತ್ರಕ್ಕೆ ದೇವರ ಸೊತ್ತು ದಂಡನಾಯಕನ ಮನೆಯದೆಂದು ಯಾರೂ ಹೇಳಲಾರರು. ಸಂಘದ ಫಲಕದ ಮೇಲಿರುವ ಆಶ್ರಯದಾತರ ಹೆಸರಿಗೂ ಅಷ್ಟೇ ಬೆಲೆ: ಅದು ಕೀರ್ತಿ, ಸ್ವತ್ವವಲ್ಲ.

ಇದಕ್ಕೆ ಬಲವಾದ ಆಕ್ಷೇಪವೊಂದುಂಟು. ಹೊಣೆ ಹೊತ್ತವನಿಗೆ ಒಡೆತನ ಬೇಡವೆ? ಅಮೆರಿಕದ ಬಾಲಕರ ಸ್ಕೌಟು ಸಂಸ್ಥೆಯು ಬೇಕೆಂದೇ ಉತ್ತರ ಕೊಟ್ಟಿತು. ಅಲ್ಲಿ ದಳಕ್ಕೆ ಆಶ್ರಯವಿತ್ತ ಚರ್ಚು ಮೊದಲಾದ ಸಂಸ್ಥೆಯೇ ದಳದ ಹಣಕ್ಕೂ ಸಾಮಗ್ರಿಗೂ ಒಡೆಯ. ಬಾಲಕರ ಮೇಲೆ ನಡೆದ ದೌರ್ಜನ್ಯದ ಮೊಕದ್ದಮೆಗಳಿಂದ ಆ ಸಂಸ್ಥೆ 2020ರಲ್ಲಿ ದಿವಾಳಿಯ ನ್ಯಾಯಾಲಯವನ್ನು ಸೇರಿದಾಗ, ಆಶ್ರಯವಿತ್ತವರಿಗೂ ಹೊಣೆಯ ಬಿಸಿ ತಟ್ಟಿತು. ಹೊಣೆ ಬರಿಯ ಮಾತಲ್ಲವೆಂಬುದು ಇದರಿಂದ ಸ್ಪಷ್ಟ. ಆದರೂ ಅದೇ ಸಂಸ್ಥೆಯ ನಿಯಮಾವಳಿಯು, ದಳ ಮುಚ್ಚಿಹೋದರೆ ಅದರ ಸೊತ್ತನ್ನು ದಳ ಪುನಃ ಏಳುವ ತನಕ, ಇಲ್ಲವೆ ಆ ಕಾರ್ಯದ ಅಭಿವೃದ್ಧಿಗಾಗಿ, ನಂಬಿಕೆಯ ನಿಧಿಯಾಗಿ ಇಟ್ಟಿರಬೇಕೆಂದು ಹೇಳುತ್ತದೆ. ಒಡೆಯನೆಂದು ಕರೆದವನನ್ನೂ ಕೊನೆಗೆ ನಿಕ್ಷೇಪಧಾರಿಯನ್ನಾಗಿಯೇ ಮಾಡಬೇಕಾಯಿತು. ಹೊಣೆಗೆ ತಕ್ಕ ಅಧಿಕಾರ ಆಶ್ರಯದಾತನಿಗೆ ಇರಲಿ: ಲೆಕ್ಕ ಕೇಳಲಿ, ದುಂದನ್ನು ತಡೆಯಲಿ, ಅಯೋಗ್ಯನಾದ ನಾಯಕನನ್ನು ಬಿಡಿಸಲಿ. ಡೇರೆಯ ಹಣವನ್ನು ತನ್ನ ಗೋಡೆಯ ಸುಣ್ಣಕ್ಕೆ ಬಳಸುವ ಅಧಿಕಾರ ಇವುಗಳಲ್ಲಿ ಸೇರಿಲ್ಲ.

ಆದುದರಿಂದ ಬೀರುವಿನಲ್ಲಿರುವ ವಸ್ತುಗಳನ್ನು ಮೂರಾಗಿ ವಿಂಗಡಿಸುವುದು ಯುಕ್ತ. ಆಶ್ರಯದಾತನು ಬಳಕೆಗೆಂದು ಇಟ್ಟ ಬೆಂಚು, ದೀಪ, ಕೊಠಡಿ ಅವನವು, ಕೇಳಿದಾಗ ಹಿಂದಿರುಗಿಸಬೇಕು. ಹುಡುಗನು ತನ್ನ ಹಣದಿಂದ ಕೊಂಡ ಗೆಜ್ಜೆ, ಪೋಷಾಕು ಅವನವು. ಅವನು ಹೋಗುವಾಗ ತಡೆಯುವುದು ಅನ್ಯಾಯ. ಊರು ಕೊಟ್ಟ ಚಂದಾ, ಮೇಳದ ಸಂಭಾವನೆ, ಅವುಗಳಿಂದ ಕೊಂಡ ಸಾಮಗ್ರಿ, ಇವು ಗಣದ್ರವ್ಯ. ಇಂದಿನ ಹುಡುಗರು ಇದರ ಭೋಕ್ತೃಗಳು. ಬರಲಿರುವ ಹುಡುಗರಿಗೂ ಇದರಲ್ಲಿ ಹಕ್ಕುಂಟು. ಊರವರು ಕೊಟ್ಟುದು ಒಂದು ಕಾರ್ಯಕ್ಕೆ. ಆ ಕಾರ್ಯ ನಡೆಯುವ ಕಡೆ ಸೊತ್ತು ಇರತಕ್ಕದ್ದು.

ಹುಡುಗರೆಲ್ಲ ಒಟ್ಟಾಗಿ ಮುನಿದು ಹೊರಟರೆ? ಆಶ್ರಯದಾತನು ಬೇರೆ ಹುಡುಗರನ್ನು ಕೂಡಿಸಿ ಅದೇ ಕಾರ್ಯವನ್ನು ನಡೆಸುವುದಾದರೆ ಸೊತ್ತು ಅಲ್ಲಿಯೇ ನಿಲ್ಲಲಿ. ವರ್ಷ ಕಳೆದರೂ ಡೊಳ್ಳಿನ ಮೇಲೆ ಧೂಳು ಕೂತಿದ್ದರೆ, ಅದನ್ನು ಬಾರಿಸುವವರಿಗೆ ಕೊಡುವುದೇ ಧರ್ಮ. ಅವರು ಮುನಿದು ಹೋದವರೇ ಆಗಿದ್ದರೂ ಸರಿಯೆ. ಬಾರಿಸದ ಡೊಳ್ಳನ್ನು ಬೀಗದೊಳಗಿಟ್ಟು ಕಾಯುವುದರಿಂದ ಕೊಟ್ಟವನ ಸಂಕಲ್ಪ ನೆರವೇರಿದಂತಾಗುವುದಿಲ್ಲ.

ರಾಜಶಾಸನವೂ ಇದಕ್ಕೆ ದೂರವಾಗಿಲ್ಲ. 1860ನೆಯ ಇಸವಿಯ ಸಂಘಗಳ ನೋಂದಣಿ ಕಾಯಿದೆಯಂತೆ, ಸಂಘವು ವಿಸರ್ಜನೆಯಾದರೆ ಸಾಲ ತೀರಿ ಉಳಿದುದನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಬೇರೊಂದು ಸಂಘಕ್ಕೆ ಕೊಡಬೇಕು. ನಮ್ಮ ರಾಜ್ಯಕ್ಕೆ 1960ರ ಕಾಯಿದೆ ಇದೆ. ಆದರೆ ನೋಂದಣಿಯಾಗದ ಗುಂಪಿನ ಹಣ ಯಾರೋ ಒಬ್ಬರ ಹೆಸರಿನಲ್ಲಿ ನಿಂತು, ಕಾಗದದಲ್ಲಿ ಅವರದೇ ಆಗಿ ಕಾಣುತ್ತದೆ. ಜಗಳಕ್ಕೆ ಮೂಲವೂ ಇದೇ. ಸ್ನೇಹವಿರುವಾಗಲೇ ಒಂದು ಕಟ್ಟಳೆಯನ್ನು ಬರೆದಿಡುವುದು ಮೇಲು. ವಸ್ತುಗಳ ಪಟ್ಟಿ, ಯಾವುದು ಯಾರು ಕೊಟ್ಟುದೆಂಬ ವಿವರ, ಇಬ್ಬರ ರುಜುವಿಲ್ಲದೆ ಹಣ ತೆಗೆಯಬಾರದೆಂಬ ನಿಯಮ, ಸಂಘ ನಿಂತುಹೋದರೆ ಸೊತ್ತು ಎಲ್ಲಿಗೆಂಬ ನಿರ್ಣಯ, ಇಷ್ಟಿದ್ದರೆ ಸಾಕು. ಸ್ನೇಹದಲ್ಲಿ ಬರಹವೇಕೆಂದು ಸಂಕೋಚಪಡುವವರುಂಟು. ಸ್ನೇಹ ಹೋದ ಮೇಲೆ ಬರೆಯಲು ಯಾರೂ ಒಪ್ಪುವುದಿಲ್ಲ.

ಇದೆಲ್ಲ ನಾಲ್ಕು ಡೊಳ್ಳುಗಳ ವಿಷಯವೆಂದು ಹಗುರಾಗಿ ಎಣಿಸಬಾರದು. ಸಾರ್ವಜನಿಕ ದ್ರವ್ಯವನ್ನು ಮುಟ್ಟುವ ಮೊದಲ ಅವಕಾಶ ಅನೇಕ ತರುಣರಿಗೆ ದೊರೆಯುವುದು ಇಂಥ ಸಂಘದಲ್ಲಿಯೇ. ಬೀಗದ ಕೈ ಇದ್ದವನದೇ ಸೊತ್ತೆಂದು ಹದಿನೆಂಟರಲ್ಲಿ ಕಲಿತವನು ನಲವತ್ತರಲ್ಲಿ ಪಂಚಾಯಿತಿಯ ಪೆಟ್ಟಿಗೆಯ ಮುಂದೆ ಕುಳಿತಾಗ ಆ ಪಾಠವನ್ನು ಮರೆಯುವನೆಂದು ನಂಬಲು ಕಾರಣವಿಲ್ಲ. ಹಿರಿಯರು ತಮ್ಮದಲ್ಲದುದನ್ನು ತಮ್ಮದಕ್ಕಿಂತ ಜೋಪಾನವಾಗಿ ಕಾಪಾಡಿ, ಲೆಕ್ಕವನ್ನು ಹುಡುಗರ ಮುಂದೆ ತೆರೆದಿಟ್ಟರೆ, ಅದನ್ನೂ ಅವರು ಮರೆಯಲಾರರು.