ಮೂಲಚಿತ್ರದ ವಿಕ್ರಯ: ಒಂದು ಧರ್ಮವಿಚಾರ

ಹೆಸರಾದ ವ್ಯಂಗ್ಯಚಿತ್ರಕಾರನೊಬ್ಬನು ಸ್ವಹಸ್ತದಿಂದ ಬರೆದ ಮೂಲಚಿತ್ರವು ಒಂದು ಮನೆಯಲ್ಲಿದೆಯೆಂದು ಭಾವಿಸೋಣ. ಆ ಮನೆ ಗೋಕಾವಿಯದಾಗಲಿ, ಮೂಡಲಗಿಯದಾಗಲಿ, ಹುಕ್ಕೇರಿಯದಾಗಲಿ, ಸಾಧಾರಣ ಗೃಹಸ್ಥನದು. ಮಗಳ ಓದಿಗೆ ಹಣ ಬೇಕಾಗಿದೆ. ದೂರದ ನಗರದ ಸಂಗ್ರಹಕಾರನೊಬ್ಬನು ಆ ಒಂದು ಹಾಳೆಗೆ ಒಳ್ಳೆಯ ಬೆಲೆ ಕೊಡಲು ಸಿದ್ಧನಾಗಿದ್ದಾನೆ. ಅದನ್ನು ಮಾರುವುದು ಧರ್ಮವೇ? ತನ್ನ ಒಡವೆಯನ್ನು ತಾನು ಮಾರುವುದಕ್ಕೆ ಧರ್ಮವಿಚಾರವೇಕೆಂದು ಕೆಲವರು ಕೇಳಬಹುದು. ಕಲಾಕೃತಿಯನ್ನು ಮಾರುವುದೆಂದರೆ ಸರಸ್ವತಿಯನ್ನು ಸಂತೆಗೆ ಕರೆದೊಯ್ದಂತೆ ಎಂದು ಮತ್ತೆ ಕೆಲವರು ಮೂಗು ಮುರಿಯಬಹುದು. ಎರಡೂ ಅವಸರದ ಮಾತುಗಳೇ.

ಎರಡನೆಯ ಪಕ್ಷವನ್ನೇ ಮೊದಲು ಪರೀಕ್ಷಿಸೋಣ. ಗೋಕಾವಿಯ ಚಿತ್ರಗಾರರು ಹಗುರವಾದ ಮರದಿಂದಲೂ ಮಣ್ಣಿನಿಂದಲೂ ಹಣ್ಣು, ಕಾಯಿ, ಗೊಂಬೆಗಳನ್ನು ಮಾಡಿ, ಬಣ್ಣವಿಟ್ಟು, ತಲೆಮಾರುಗಳಿಂದ ಮಾರುತ್ತ ಬಂದಿದ್ದಾರೆ. ನೋಡಿದವನು ಕೈಯಿಕ್ಕಿ ತಿನ್ನಬೇಕೆನ್ನುವಷ್ಟು ಸಹಜವಾದ ಆ ಹಣ್ಣುಗಳು ಪೇಟೆಗೆ ಬಂದುದರಿಂದ ಅವುಗಳ ಕಲೆ ಮೈಲಿಗೆಯಾಯಿತೆಂದು ಯಾರೂ ಹೇಳಲಿಲ್ಲ. ಪೇಟೆಗೆ ಬಂದುದರಿಂದಲೇ ಅದು ಉಳಿಯಿತು. ಆದುದರಿಂದ ಕಲೆಗೆ ಬೆಲೆ ಕಟ್ಟುವುದೇ ದೋಷವೆನ್ನಲಾಗದು. ಆದರೆ ಒಂದು ಭೇದವನ್ನು ಗಮನಿಸಬೇಕು. ಗೊಂಬೆಯ ಬೆಲೆ ಮಾಡಿದವನ ಕೈ ಸೇರುತ್ತದೆ. ಹಳೆಯ ಚಿತ್ರದ ಬೆಲೆಯಾದರೋ ಇಟ್ಟುಕೊಂಡವನ ಕೈ ಸೇರುತ್ತದೆ. ನಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲಿಯೇ.

ಇನ್ನು ವ್ಯಂಗ್ಯಚಿತ್ರವೆಂಬ ವಸ್ತುವಿನ ಸ್ವರೂಪವೇನು? ೧೯೨೧ರಲ್ಲಿ ಮೈಸೂರಿನಲ್ಲಿ ಜನಿಸಿದ ಆರ್. ಕೆ. ಲಕ್ಷ್ಮಣರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಪ್ರವೇಶ ದೊರೆಯದ ಈ ತರುಣನು, ಡಾ. ಎಂ. ಶಿವರಾಂ ಅವರು ೧೯೪೨ರಲ್ಲಿ ಪ್ರಾರಂಭಿಸಿದ ‘ಕೊರವಂಜಿ’ಗೆ ಚಿತ್ರಗಳನ್ನು ಬರೆದುಕೊಟ್ಟನು, ಮುಂದೆ ೧೯೫೧ರಿಂದ ‘ಟೈಮ್ಸ್ ಆಫ್ ಇಂಡಿಯಾ’ ಪತ್ರಿಕೆಯಲ್ಲಿ ಚೌಕುಳಿ ಕೋಟಿನ, ಧೋತರದ, ಮಾತನಾಡದ ಶ್ರೀಸಾಮಾನ್ಯನನ್ನು ದಿನದಿನವೂ ನಿಲ್ಲಿಸಿ ದೇಶವನ್ನೇ ನಗಿಸಿದನು. ೨೦೧೫ರ ಜನವರಿ ೨೬ರಂದು ಅವರು ತೀರಿಕೊಂಡರು. ಆ ಶ್ರೀಸಾಮಾನ್ಯನನ್ನು ಜನರು ನೋಡಿದ್ದು ಮೂಲಚಿತ್ರದಲ್ಲಲ್ಲ, ಅಗ್ಗದ ಪತ್ರಿಕೆಯ ಹಾಳೆಯಲ್ಲಿ. ಆ ಕಾಲದಲ್ಲಿ ಕುಂಚದಿಂದ ಕರಿಮಸಿಯಲ್ಲಿ ಬರೆದ ಚಿತ್ರದ ಛಾಯೆಯನ್ನು ಸತುವಿನ ತಗಡಿನ ಮೇಲೆ ಇಳಿಸಿ, ಆಮ್ಲದಿಂದ ಕೊರೆದು ಅಚ್ಚಿನ ಪಡಿಯಚ್ಚನ್ನು ಸಿದ್ಧಪಡಿಸುತ್ತಿದ್ದರು. ಅಷ್ಟಾದ ಮೇಲೆ ಮೂಲದ ಕೆಲಸ ಮುಗಿಯಿತು. ಚಿತ್ರಪಟವು ತಾನೇ ಗುರಿಯಾದರೆ, ವ್ಯಂಗ್ಯಚಿತ್ರದ ಮೂಲವು ಗುರಿಗೆ ಹೋಗುವ ದಾರಿ ಮಾತ್ರ.

ಹಾಗಾದರೆ ಕೊಳ್ಳುವವನು ಕೊಳ್ಳುವುದೇನನ್ನು? ನಗೆಯನ್ನಲ್ಲ; ಅದು ಲಕ್ಷಾಂತರ ಮನೆಗಳಿಗೆ ಆಗಲೇ ಹಂಚಿಹೋಗಿದೆ. ಅಚ್ಚಿನಲ್ಲಿ ಕಾಣದ ಸೀಸದಕಡ್ಡಿಯ ಗೆರೆ, ತಿದ್ದಿದ ಕಡೆ ಬಳಿದ ಬಿಳಿಬಣ್ಣ, ಅಂಚಿನಲ್ಲಿ ಗೀಚಿದ ಅಳತೆ, ಒಟ್ಟಿನಲ್ಲಿ ಒಬ್ಬ ಮನುಷ್ಯನ ಕೈ ಒಂದು ದಿವಸ ಪಟ್ಟ ಶ್ರಮದ ಗುರುತನ್ನು ಅವನು ಕೊಳ್ಳುತ್ತಾನೆ. ಅಚ್ಚಾಗಿಹೋದ ಚಿತ್ರದ ಮೂಲವನ್ನು ಮಾರಿದರೆ ಲೋಕದ ಸೊತ್ತನ್ನು ಕದ್ದಂತೆ ಎಂಬ ಆಕ್ಷೇಪಣೆಯು ಇದರಿಂದ ನಿಲ್ಲುವುದಿಲ್ಲ. ಆದರೆ ಎಲ್ಲಿಯೂ ಅಚ್ಚಾಗದ ಚಿತ್ರವಾದರೆ ಮಾತು ಬೇರೆ. ಅದನ್ನು ಕೊಂಡವನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ, ಆ ನಗೆಯೇ ಹುಟ್ಟುವ ಮುನ್ನ ಸತ್ತಂತಾಯಿತು. ಅಂಥದನ್ನು ಒಂದು ಪ್ರತಿಯನ್ನಾದರೂ ತೆಗೆದಿಡದೆ ಮಾರತಕ್ಕುದಲ್ಲ.

ಎರಡನೆಯದಾಗಿ, ಆ ಹಾಳೆಯು ಮನೆಗೆ ಬಂದುದು ಹೇಗೆ ಎಂಬುದು ವಿಚಾರಣೀಯ. ಕೊಂಡು ತಂದಿರಬಹುದು, ಹಿರಿಯರಿಂದ ಬಂದಿರಬಹುದು, ಚಿತ್ರಕಾರನೇ ಪ್ರೀತಿಯಿಂದ ಕೊಟ್ಟಿರಬಹುದು, ಅಥವಾ ಅಚ್ಚಿಗೆಂದು ಬಂದುದು ಹಿಂದಿರುಗದೆ ಉಳಿದಿರಬಹುದು. ಈ ಕೊನೆಯ ಬಗೆಯದರಲ್ಲಿ ಇಟ್ಟುಕೊಂಡವನು ಒಡೆಯನಲ್ಲ, ಕಾವಲುಗಾರ. ಎಷ್ಟು ವರುಷ ಕಾವಲಿದ್ದರೂ ಕಾವಲುಗಾರನು ಹೊಲವನ್ನು ಮಾರಲಾರನು. ಕೊಡುಗೆಯಾಗಿ ಬಂದುದರ ವಿಷಯ ಇನ್ನೂ ಸೂಕ್ಷ್ಮ. ಬೆಲ್ಜಿಯಂ ದೇಶದ ಹೆರ್ಜೆ ಎಂಬ ಪ್ರಸಿದ್ಧ ಚಿತ್ರಕಾರನು ತನ್ನ ‘ಟಿನ್‌ಟಿನ್’ ಕಥೆಯೊಂದರ ಹೊದಿಕೆಗಾಗಿ ೧೯೩೬ರಲ್ಲಿ ಚಿತ್ರವೊಂದನ್ನು ಬರೆದನು. ಅದನ್ನು ಪ್ರಕಾಶಕನ ಏಳು ವರುಷದ ಮಗನಿಗೆ ಕೊಟ್ಟುಬಿಟ್ಟನೆಂದೂ, ಹುಡುಗನು ಮಡಿಚಿ ಮೇಜಿನ ಖಾನೆಯಲ್ಲಿಟ್ಟನೆಂದೂ ಹೇಳುತ್ತ ಬಂದಿದ್ದಾರೆ. ೨೦೨೧ರ ಜನವರಿಯಲ್ಲಿ ಪ್ಯಾರಿಸಿನ ಹರಾಜಿನಲ್ಲಿ ಆ ಮಡಿಕೆಬಿದ್ದ ಹಾಳೆಗೆ ಸುಮಾರು ೩೨ ಲಕ್ಷ ಯೂರೋ ಬಂದಿತು. ಅದು ನಿಜವಾಗಿ ಕೊಡುಗೆಯೇ, ಅಲ್ಲವೇ ಎಂಬ ಸಂಶಯವನ್ನು ಚಿತ್ರಕಾರನ ಪಕ್ಷದವರು ಎತ್ತದೆ ಬಿಡಲಿಲ್ಲ. ಬೆಲೆಯಿಲ್ಲದಾಗ ಯಾರೂ ಕೇಳದ ಪ್ರಶ್ನೆಯನ್ನು ಬೆಲೆಯು ಕೇಳಿಸುತ್ತದೆ.

ಕೊಟ್ಟದ್ದು ನಿಜವೇ ಆದರೆ, ಅದು ಕೊಟ್ಟವನ ಕೈಬಿಟ್ಟಿತೆಂದೇ ಅರ್ಥ. ಸ್ನೇಹಿತನು ತಂದ ಕರದಂಟನ್ನು ನೆರೆಯವರಿಗೆ ಹಂಚಿದರೆ ಸ್ನೇಹಕ್ಕೆ ಕುಂದಿಲ್ಲ. ಆದರೆ ಹೆಸರು ಹಿಡಿದು, ಎರಡು ಮಾತು ಬರೆದು, ರುಜು ಹಾಕಿ ಕೊಟ್ಟ ಚಿತ್ರವು ಅರ್ಧ ಚಿತ್ರ, ಅರ್ಧ ಕಾಗದ. ಕೊಟ್ಟವನು ಬದುಕಿರುವಾಗ ಅವನಿಗೆ ತಿಳಿಸದೆ ಅದನ್ನು ಮಾರುವುದು ಕಾನೂನಿಗೆ ಸರಿಯಾದರೂ ಮರ್ಯಾದೆಗೆ ಸರಿಯಲ್ಲ.

ಮೂರನೆಯದು, ಬರೆದವನ ಪಾಲು. ನಮ್ಮ ದೇಶದ ೧೯೫೭ರ ಕೃತಿಸ್ವಾಮ್ಯದ ಶಾಸನಕ್ಕೆ ೧೯೯೪ರ ತಿದ್ದುಪಡಿಯಿಂದ ಸೇರಿದ ‘೫೩ಎ’ ಎಂಬ ಕಲಮು ಈ ವಿಷಯದಲ್ಲಿ ವಿವೇಕದ ಮಾತನ್ನು ಹೇಳುತ್ತದೆ. ಮೂಲಚಿತ್ರವೊಂದು ೧೦,೦೦೦ ರೂಪಾಯಿಗಳಿಗೆ ಮಿಕ್ಕಿ ಮರುಮಾರಾಟವಾದರೆ, ಅದರ ಮೊದಲ ಸ್ವಾಮ್ಯವುಳ್ಳ ಕರ್ತೃವಿಗೆ, ಅವನ ತರುವಾಯ ವಾರಸುದಾರರಿಗೆ, ಆ ಬೆಲೆಯಲ್ಲಿ ಪಾಲುಂಟು. ಆ ಪಾಲು ನೂರಕ್ಕೆ ೧೦ನ್ನು ಮೀರತಕ್ಕುದಲ್ಲ. ಕೃತಿಸ್ವಾಮ್ಯವು ಕರ್ತೃವು ತೀರಿದ ವರುಷದ ನಂತರ ೬೦ ವರುಷ ಇರುವುದರಿಂದ, ಲಕ್ಷ್ಮಣರಂಥವರ ವಿಷಯದಲ್ಲಿ ಇದು ೨೦೭೫ರ ಕೊನೆಯವರೆಗೆ ನಡೆಯುವ ಮಾತು. ಹಾಳೆಯನ್ನು ಕೊಂಡವನಿಗೆ ಹಾಳೆ ಮಾತ್ರ ಬರುತ್ತದೆ, ಅದನ್ನು ಅಚ್ಚುಹಾಕಿ ಮಾರುವ ಹಕ್ಕು ಬರುವುದಿಲ್ಲವೆಂಬುದನ್ನೂ ಮರೆಯಬಾರದು. ಈ ಪಾಲನ್ನು ಯಾರೂ ಬಂದು ಕೇಳಲಿಕ್ಕಿಲ್ಲ. ಆದರೆ ಕೇಳದ ಸಾಲವೂ ಸಾಲವೇ ಅಲ್ಲವೇ?

ಇಷ್ಟಾದರೂ, ಇಂಥ ನಿಧಿಯನ್ನು ಕಷ್ಟಪಟ್ಟಾದರೂ ಮನೆಯಲ್ಲೇ ಉಳಿಸಬೇಕೆಂದು ಕೆಲವು ರಸಿಕರು ಹೇಳುವರು. ಹೊಟ್ಟೆ ತುಂಬಿದವರು ಹಸಿದವರಿಗೆ ಹೇಳುವ ಉಪವಾಸದ ಮಹಿಮೆಯಿದು. ಉಳಿಸುವುದೂ ಸುಲಭವಲ್ಲ. ೨೦೧೯ರ ಆಗಸ್ಟಿನಲ್ಲಿ ಘಟಪ್ರಭೆಯೂ ಮಾರ್ಕಂಡೇಯ ಹೊಳೆಯೂ ಉಕ್ಕಿ ಗೋಕಾವಿಯ ಮನೆಗಳನ್ನು ಹೊಕ್ಕುದನ್ನು ನಮ್ಮ ಸೀಮೆಯವರು ಮರೆತಿಲ್ಲ. ನೀರಿಗೆ ಮೂಲವಾವುದು, ನಕಲಾವುದು ಎಂಬ ವಿವೇಕವಿಲ್ಲ. ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುವ ಚಿತ್ರಕ್ಕಿಂತ, ಕೊಂಡವನ ಗೋಡೆಯ ಮೇಲೆ ಕನ್ನಡಿಯೊಳಗಿರುವ ಚಿತ್ರವೇ ಕಲೆಗೆ ಹೆಚ್ಚು ಹಿತ. ಮಾರದಿರುವುದೇ ರಕ್ಷಣೆಯಲ್ಲ.

ಸಮಾಜಕ್ಕೆ ನಿಜವಾಗಿ ಕಾಳಜಿಯಿದ್ದರೆ ಅದು ಉಪದೇಶವನ್ನು ಬಿಟ್ಟು ಗಂಟನ್ನು ಬಿಚ್ಚಬೇಕು. ಮೈಸೂರಿನಲ್ಲಿ ಲಕ್ಷ್ಮಣರ ಅಣ್ಣ ಆರ್. ಕೆ. ನಾರಾಯಣರ ಮನೆಯನ್ನು ೨೦೧೧ರಲ್ಲಿ ಕೆಡಹಲು ತೊಡಗಿದಾಗ ಜನರು ಕೂಗೆಬ್ಬಿಸಿದರು. ಕೂಗು ನಿಂತಲ್ಲೇ ನಿಲ್ಲದೆ, ಸಾರ್ವಜನಿಕ ಹಣದಿಂದ ಅದನ್ನು ಕೊಂಡು ದುರಸ್ತಿ ಮಾಡಿದುದರಿಂದ ೨೦೧೬ರಲ್ಲಿ ಅದು ಸ್ಮಾರಕವಾಯಿತು. ಬೆಂಗಳೂರಿನ ವ್ಯಂಗ್ಯಚಿತ್ರಕಾರ್ತಿ ಮಾಯಾ ಕಾಮತರು ೨೦೦೧ರಲ್ಲಿ ತೀರಿಕೊಂಡ ಬಳಿಕ ಅವರ ಎಂಟು ಸಾವಿರಕ್ಕೂ ಮಿಕ್ಕ ಚಿತ್ರಗಳು ಮುಂಬಯಿಯ ‘ಸ್ಪ್ಯಾರೋ’ ಎಂಬ ಸ್ತ್ರೀಯರ ದಾಖಲೆಗಳ ಭಂಡಾರವನ್ನು ಸೇರಿ ಒಂದೇ ಕಡೆ ಉಳಿದವು. ಬಿಡಿಬಿಡಿಯಾಗಿ ಮಾರಿದ್ದರೆ ಒಬ್ಬ ಹೆಣ್ಣುಮಗಳು ತನ್ನ ಕಾಲವನ್ನು ಕಂಡ ಬಗೆಯು ಚೂರುಚೂರಾಗುತ್ತಿತ್ತು. ಹೀಗೆ ಕೊಡಬಲ್ಲ ಮನೆತನಗಳು ಧನ್ಯ. ಕೊಡಲಾರದವರನ್ನು ಹಳಿಯುವ ಅಧಿಕಾರ ಮಾತ್ರ ನಮಗಿಲ್ಲ.

ಮಾರಬಹುದೇ ಎಂಬ ಪ್ರಶ್ನೆಗೆ ನಮ್ಮ ಉತ್ತರವಿಷ್ಟು: ತನ್ನದಾಗಿದ್ದರೆ ಮಾರಬಹುದು. ಆದರೆ ಬಂದ ಬಗೆಯನ್ನು ಮುಚ್ಚದೆ, ಮೊದಲು ಒಂದು ಸಾರ್ವಜನಿಕ ಭಂಡಾರವನ್ನು ಕೇಳಿನೋಡಿ, ಒಳ್ಳೆಯ ಪ್ರತಿಯೊಂದನ್ನು ಊರ ವಾಚನಾಲಯದಲ್ಲಿರಿಸಿ, ಬರೆದವನ ಮನೆಯವರಿಗೆ ಅವರ ಪಾಲನ್ನು ಮುಟ್ಟಿಸಿ ಮಾರಬೇಕು. ಇಷ್ಟನ್ನು ಮಾಡಿದ ಗೃಹಸ್ಥನು ಉಳಿದ ಹಣದಿಂದ ಮಗಳನ್ನು ಓದಿಸಿದರೆ, ಚೌಕುಳಿ ಕೋಟಿನ ಆ ಮುದುಕನೂ ಅದನ್ನು ಬೇಡವೆನ್ನುತ್ತಿರಲಿಲ್ಲವೆಂದು ನಾವು ನಂಬುತ್ತೇವೆ. ಶ್ರೀಸಾಮಾನ್ಯನ ಮನೆಯ ಲೆಕ್ಕ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?